ನುಸಿ ಸಾಕಿದ ಬೇಸಿಗೆ

ನಮ್ಮ ಮನೆಯ ಮಂದಿ ಎಲ್ಲಿ ಕಾಲಿಟ್ಟರೂ ಅಲ್ಲಿ ಇಂಥದ್ದೊಂದು ಆಗಿಯೇ ಆಗುತ್ತದೆ. ಈಗ ನಗು ಬರುತ್ತದೆ, ಆಗ ಬಂದಿರಲಿಲ್ಲ.

ಮೊದಲ ಸಲ ಬರೆಯುತ್ತಿದ್ದೇನೆ, ಆದ್ದರಿಂದ ಸ್ವಲ್ಪ ವಿವರಿಸಿಬಿಡುತ್ತೇನೆ. ತೊಂಬತ್ತರ ದಶಕದ ಕೊನೆಯಲ್ಲಿ ನಾನು ಪುಣೆಯಲ್ಲಿ ಬಿ.ಎಸ್ಸಿ. ಓದುತ್ತಿದ್ದೆ. ಅಪ್ಪ ಇಂಡಿ ಕಡೆಯ ಹಳ್ಳಿಯಿಂದ ದುಡಿಯಲು ಬಂದು ಅಲ್ಲಿನ ಮಾರ್ಕೆಟ್ ಯಾರ್ಡಿನಲ್ಲಿ ಹಮಾಲ, ಅಂದರೆ ಚೀಲ ಹೊರುವವನು. ದಲಿತ ಮತ್ತು ಹಿಂದುಳಿದ ಮನೆಗಳ ಮಕ್ಕಳು ಪ್ರಯೋಗಾಲಯಗಳಲ್ಲಿ ಕಾಣುವುದೇ ಇಲ್ಲವೆಂದು ಒಂದು ಸಂಶೋಧನಾ ಸಂಸ್ಥೆ ನಮ್ಮಂಥ ಕೆಲವರನ್ನು ಬೇಸಿಗೆಯ ಕೆಲಸಕ್ಕೆ ಕರೆಯಿತು. ಸಂಬಳವೂ ಇತ್ತು. ಅಪ್ಪ ಒಂದೇ ಮಾತು ಹೇಳಿದ: "ಅಲ್ಲಿ ಸರ್ ನಿನ್ನ ಮುಂದಿನ ವರ್ಷಕ್ಕೂ ಕೆಲಸಕ್ಕ ಇಟಗೊಂಡ್ರ ಓದು. ಇಲ್ಲಾಂದ್ರ ನಿನ್ನ ನೋಡಿ ಹೋದ ಇಂಡಿ ಹುಡುಗಗ ಮದಿವಿಗೆ ಹೂಂ ಅಂತೀನಿ."

೧. ಹಿಂದಿನ ಬಾಗಿಲು

ಮೊದಲ ದಿನ ಗೇಟಿನ ಕಾವಲುಗಾರ ಎಲ್ಲಿಂದ ಬಂದೆ ಎಂದು ಕೇಳಿದ. ಮಾರ್ಕೆಟ್ ಯಾರ್ಡ್ ಎಂದೆ. ಹಿಂದಿನ ಬಾಗಿಲು ತೋರಿಸಿದ. ಅಲ್ಲಿದ್ದ ಹೆಂಗಸು ನನ್ನ ಕೈಗೆ ಕಸಬರಿಗೆ ಕೊಟ್ಟಳು. ಸಂಶೋಧನೆ ಶುರುವಾಗುವುದೇ ಹೀಗೇನೋ ಎಂದು ಮೂರು ಕೋಣೆ ಗುಡಿಸಿದೆ. ಪ್ರಯೋಗಾಲಯದ ನಮ್ಮ ಸರ್ ಬಂದು, ನಾನು ಯಾರೆಂದು ತಿಳಿದು, ತಲೆ ತಗ್ಗಿಸಿದರು. ಬೇಸರಪಟ್ಟವಳು ಆ ಹೆಂಗಸು. "ಸಾಹೇಬ, ನಿಮ್ಮ ಹತ್ತಿರ ಇಷ್ಟು ಜನ ಇದ್ದಾರೆ. ಇವಳೊಬ್ಬಳನ್ನು ನನಗೆ ಬಿಡಿ, ಮೂಲೆ ಬಿಡದೆ ಗುಡಿಸುತ್ತಾಳೆ" ಎಂದು ಮರಾಠಿಯಲ್ಲಿ ಬೇಡಿಕೊಂಡಳು.

೨. ಊಟ

ನನ್ನ ಕೆಲಸ ನುಸಿ ಸಾಕುವುದು. ನುಸಿ ಎಂದರೆ ಜೋಳದ ಕಾಳು ಕೊರೆಯುವ ಸಣ್ಣ ಕರಿ ಹುಳ. ಯಾವ ಜಾತಿಯ ಜೋಳವನ್ನು ಅದು ಕಡಿಮೆ ತಿನ್ನುತ್ತದೆ ಎಂದು ನೋಡಬೇಕಿತ್ತು. ಅದು ಗೊತ್ತಾದರೆ ಮುಂದಿನ ವರ್ಷವೂ ಕೆಲಸ ಎಂದು ಸರ್ ಹೇಳಿದ್ದರು. ಅವ್ವನಿಗೆ ಮಾತ್ರ ಜೋಳದ ಪರೀಕ್ಷೆ ಎಂದಷ್ಟೇ ತಿಳಿಸಿದ್ದೆವು. ಹುಳದ ಸುದ್ದಿ ಗೊತ್ತಾದರೆ ಅವಳು ನನ್ನನ್ನು ಹಿಟ್ಟು ಮುಟ್ಟಗೊಡುತ್ತಿರಲಿಲ್ಲ. ಅಪ್ಪ ಗುಟ್ಟಾಗಿ ಕೇಳಿದ: "ಅವಕ್ಕ ಯಾವ ಜ್ವಾಳ ಹಾಕ್ತಾರ?"

"ಮಾಲ್ದಂಡಿನೂ ಹಾಕ್ತಾರ."

ಮಾಲ್ದಂಡಿ ಎಂದರೆ ನಮ್ಮ ಕೈಗೆಟುಕದ ಒಳ್ಳೆಯ ಬಿಳಿ ಜೋಳ. ಅಪ್ಪ ರೇಶನ್ ಜೋಳದ ರೊಟ್ಟಿ ಮುರಿದ. "ಅಲ್ಲೆ ಇನ್ನ ಎಷ್ಟ್ ಮಂದಿಗೆ ಜಾಗಾ ಅದ?"

೩. ಬಿಸಿಲು

ನುಸಿಗೆ ಭಾನುವಾರವಿಲ್ಲ. ರಜೆಯ ದಿನ ಒಬ್ಬಳೇ ಹೋಗಬಾರದೆಂದು ಅಪ್ಪ ಅವ್ವನನ್ನು ಜೊತೆಗೆ ಕಳಿಸಿದ. ಒಂದೊಂದು ಜಾತಿಯ ಜೋಳಕ್ಕೆ ಒಂದೊಂದು ನುಸಿ ಡಬ್ಬಿ ಇಟ್ಟಿದ್ದ ಕೋಣೆಯಲ್ಲಿ ಅವಳನ್ನು ಕೂಡಿಸಿ, ಕಾಳು ತೂಗಲು ಪಕ್ಕದ ಕಟ್ಟಡಕ್ಕೆ ಹೋದೆ. ಬರುವಷ್ಟರಲ್ಲಿ ಡಬ್ಬಿಗಳೆಲ್ಲ ಖಾಲಿ. ಅವ್ವನನ್ನು ಹುಡುಕುತ್ತಾ ಮಾಳಿಗೆಗೆ, ಅಂದರೆ ತಾರಸಿಗೆ, ಓಡಿದೆ. ಸುಡುವ ಬಿಸಿಲಲ್ಲಿ ಜೋಳವೆಲ್ಲ ಒಂದೇ ರಾಶಿ, ಮೇಲೆ ಬೇವಿನ ಸೊಪ್ಪು. ಕಾವಲುಗಾರನೇ ಹೊತ್ತುಕೊಟ್ಟಿದ್ದನಂತೆ.

"ಏನ್ ನುಸಿ ಹತ್ತಿತ್ತ ಯವ್ವಾ" ಎಂದಳು ಅವ್ವ. "ಇಷ್ಟ್ ಓದಿದ ಮಂದಿ, ಒಬ್ಬರರೆ ಬಿಸಲಿಗೆ ಹಾಕಬಾರದೇನು? ಬ್ಯಾರೆ ಬ್ಯಾರೆ ಡಬ್ಬಿ ಇಟ್ಟು ಜಾಗಾ ಬ್ಯಾರೆ ಹಾಳು."

ಅಷ್ಟರಲ್ಲಿ ಸರ್ ಬಂದರು. ಅವರು ಕಲ್ಕತ್ತೆಯವರು, ಕನ್ನಡ ಬಾರದು. ಹುಳಗಳು ಎಲ್ಲಿ ಎಂದು ಕೇಳು ಅಂದರು, ಸಣ್ಣ ದನಿಯಲ್ಲಿ. ಕೇಳಿದೆ.

"ಚಿಂತಿ ಬಿಡ್ರಿ ಅಂತ ಹೇಳು. ಒಂದೂ ಉಳಿದಿಲ್ಲ. ತಿಂಗಳಿಗೊಮ್ಮೆ ಬಂದು ಮಾಡಿಕೊಟ್ಟು ಹೋಗ್ತೀನಿ."

ಕೊನೆಯ ವಾಕ್ಯವೊಂದನ್ನು ಬಿಟ್ಟು ಉಳಿದದ್ದನ್ನು ಇಂಗ್ಲಿಷಿನಲ್ಲಿ ಹೇಳಿದೆ.

೪. ತಕರಾರು

ಎಲ್ಲ ಮೊದಲಿನಿಂದ ಶುರುಮಾಡಬೇಕಾಯಿತು. ಬೇಸಿಗೆ ಮುಗಿಯುತ್ತಿತ್ತು, ಉಳಿದ ಹುಡುಗರು ತಂತಮ್ಮ ಊರಿನ ಕಾಲೇಜಿಗೆ ಮರಳುವವರಿದ್ದರು. "ದೀಪಾವಳಿಯವರೆಗೆ ದಿನಾ ಸಂಜೆ ಬಾ, ಆಮೇಲೂ ಬೇಕಾಗುತ್ತದೆ" ಎಂದರು ಸರ್. ಮೆಚ್ಚಿ ಹೇಳಿದ್ದಲ್ಲ, ಬೇರೆ ಯಾರೂ ಇರಲಿಲ್ಲ.

ಅದೇ ವಾರ ಇಂಡಿ ಹುಡುಗನ ಸೋದರಮಾವ ಮದುವೆಯ ದಿನ ಗೊತ್ತುಮಾಡಲು ತೆಂಗಿನಕಾಯಿ ಹಿಡಿದು ಬಂದರು. ಅಪ್ಪನಿಗೆ ಸುತ್ತಿಬಳಸಿ ಮಾತಾಡಲು ಬಾರದು. "ಈಗ ಆಗೂದಿಲ್ರಿ" ಎಂದ.

"ಯಾಕ? ಹುಡುಗಿದೇನರೆ ತಕರಾರು?"

"ಹುಡುಗಿದಲ್ರಿ. ನುಸಿದು."

ಅವರು ಚಹಾದ ಕಪ್ಪು-ಬಸಿ ಕೆಳಗಿಟ್ಟರು.

"ಇದ್ದವು ಎಲ್ಲಾ ಸತ್ತಾವ್ರಿ. ಈಗ ಹೊಸವು ತತ್ತಿ ಇಡಬೇಕು, ಮರಿ ಆಗಬೇಕು, ಆ ಮರಿ ಮತ್ತ ತತ್ತಿ ಇಡಬೇಕು. ಅಲ್ಲೀತನ ಮದಿವಿ ಇಲ್ಲ."

ಒಲೆಯ ಮುಂದಿದ್ದ ಅವ್ವ ಸೆರಗು ಬಾಯಿಗೆ ಒತ್ತಿಕೊಂಡಳು. ತಾನು ಒಣಗಿಸಿದ್ದು ಏನೆಂದು ಅವಳಿಗೆ ಆಗಲೇ ತಿಳಿದದ್ದು. ಸೋದರಮಾವ ನನ್ನನ್ನೂ ಮೂಲೆಯ ಜೋಳದ ಚೀಲವನ್ನೂ ನೋಡಿದರು. "ಹಂಗಾದ್ರ ಮರಿ ಆದ ಮ್ಯಾಲೆ ಒಂದ್ ಮಾತ್ ತಿಳಸ್ರಿ" ಎಂದು ತೆಂಗಿನಕಾಯಿ ಎತ್ತಿಕೊಂಡು ಹೊರಟರು.

ಅಪ್ಪ ಆ ಮಾತನ್ನು ನಿಜವೆಂದೇ ನಂಬಿದ. ದೀಪಾವಳಿಗೆ ನನ್ನನ್ನು ಕೂಡಿಸಿಕೊಂಡು ಇಂಡಿಗೆ ಕಾರ್ಡು ಬರೆಸಿದ: "ಇಲ್ಲಿ ಎಲ್ಲರೂ ಕ್ಷೇಮ. ನುಸಿ ಮರಿ ಹಾಕಿವೆ." ಉತ್ತರ ಬರಲಿಲ್ಲ.