ಕಿವಿಗೂ ಒಂದು ಆಯುಧ ಪೂಜೆ

ಕಿವಿ ಕೇಳದ ಆರು ವರ್ಷಗಳಲ್ಲಿ ನನ್ನ ಮನೆಯಲ್ಲಿ ನಗುವಂಥದ್ದೇನೂ ನಡೆಯಲಿಲ್ಲ. ನಡೆದಿದ್ದರೂ ನನಗೆ ಕೇಳಿಸಲಿಲ್ಲ. ಕಿವಿ ವಾಪಸು ಬಂದ ಮೇಲೆ ಮಾತ್ರ ವಾರಕ್ಕೊಂದು ಫಜೀತಿ ತಪ್ಪಿದ್ದಲ್ಲ.

ನಾನು ಸಂಡೂರಿನ ಕಡೆ ಒಂದು ಗಣಿಯ ವರ್ಕ್‌ಶಾಪಿನಲ್ಲಿ ಫಿಟ್ಟರ್. ಮನೆ ಹೊಸಪೇಟೆ. ಕಂಪ್ರೆಸರು, ಡಂಪರುಗಳ ನಡುವೆ ಇಪ್ಪತ್ತು ವರ್ಷ ದುಡಿದು ಕಿವಿ ಅರ್ಧ ಹೋಗಿತ್ತು. ಒಂದು ಜ್ವರ ಬಂದು ಉಳಿದರ್ಧವನ್ನೂ ಹೊತ್ತುಕೊಂಡು ಹೋಯಿತು. ಹೋದ ವರ್ಷ ಹುಬ್ಬಳ್ಳಿಯಲ್ಲಿ ಆಪರೇಷನ್ ಮಾಡಿ ತಲೆಯೊಳಗೆ ಒಂದು ಯಂತ್ರ ಕೂಡಿಸಿದರು. ಕಾಕ್ಲಿಯರ್ ಇಂಪ್ಲಾಂಟ್ ಅಂತಾರೆ. ಅದರ ಹೊರಗಿನ ಭಾಗ ಬಿಸ್ಕತ್ತಿನ ಗಾತ್ರದ ದುಂಡನೆಯ ಡಬ್ಬಿ, ಕಿವಿಯ ಹಿಂದೆ ಅಯಸ್ಕಾಂತದಿಂದ ಅಂಟಿಕೊಂಡಿರುತ್ತದೆ. ಶಬ್ದ ಹಿಡಿಯುವುದು ಅದೇ. ತೆಗೆದರೆ ನಾನು ಮತ್ತೆ ಕಲ್ಲು.

ನನಗೆ ಬೇಕಾಗಿದ್ದು ಒಂದೇ, ಹೆಂಡತಿಯ ಧ್ವನಿ. ಆರು ವರ್ಷ ಕೈಸನ್ನೆ ಮಾಡಿ, ಫೋನಿನಲ್ಲಿ ಬರೆದು ತೋರಿಸಿ ಸಂಸಾರ ನಡೆಸಿದ್ದೆವು. ಅವಳ ಧ್ವನಿ ಹೇಗಿತ್ತು ಎಂಬ ನೆನಪು ದಿನದಿನಕ್ಕೆ ಮಾಸುತ್ತಿತ್ತು. ಪೂರಾ ಮರೆಯುವುದರೊಳಗೆ ಒಮ್ಮೆ ಕೇಳಬೇಕು ಎಂದೇ ತಲೆ ಕೊಯ್ಯಿಸಿಕೊಂಡೆ.

೧. ಚಮಚ

ಆಪರೇಷನ್ನಿನ ಗಾಯ ಮಾಗಿದ ಮೇಲೆ ಯಂತ್ರ ಚಾಲೂ ಮಾಡುವ ದಿನ ಬಂತು. ಹೆಂಡತಿಯ ಜೊತೆ ಎಮ್ಮಿಗನೂರಿನಿಂದ ಅವಳ ತಮ್ಮನೂ ಬಂದ. ಅವನಿಗೆ ಎಲ್ಲದರಲ್ಲೂ ಉತ್ಸಾಹ ಜಾಸ್ತಿ.

ಸೆಟ್ಟಿಂಗ್ ಮಾಡುವ ಮೇಡಂ ಕಂಪ್ಯೂಟರಿನಿಂದ ಸಣ್ಣ ಸಣ್ಣ ಶಬ್ದ ಬಿಡುತ್ತಿದ್ದರು. ಕೇಳಿಸಿದಾಗ ನಾನು ಕೈ ಎತ್ತಬೇಕು. ನಾನು ಕೈ ಎತ್ತಿದಾಗಲೆಲ್ಲ ಭಾಮೈದ ಹಿಂದೆ ಕೂತು ಚಪ್ಪಾಳೆ ಹೊಡೆಯುತ್ತಿದ್ದ. ಐದಾರು ಸಲ ಆದ ಮೇಲೆ ಮೇಡಂ, "ನೀವು ಚಪ್ಪಾಳಿ ಹೊಡಿಬ್ಯಾಡ್ರಿ. ಅವರು ನಿಮ್ಮ ಚಪ್ಪಾಳಿಗೇ ಕೈ ಎತ್ತಾಕತ್ತಾರ" ಎಂದರು.

ಕೊನೆಗೆ ಹೆಂಡತಿಯ ಸರದಿ. ಮೊದಲ ಮಾತು ಏನಾಡಬೇಕೆಂದು ಅವಳು ರೈಲಿನಲ್ಲಿ ದಾರಿಯುದ್ದಕ್ಕೂ ಯೋಚಿಸಿಕೊಂಡು ಬಂದಿದ್ದಳು. ಹತ್ತಿರ ಬಂದು, "ಕೇಳಸ್ತೈತೇನ್ರಿ? ಹೆಂಗೈತಿ ನನ್ನ ದನಿ?" ಎಂದಳು. ತುಟಿ ನೋಡಿ ಮಾತು ಗೊತ್ತಾಯಿತು. ಆದರೆ ಕಿವಿಗೆ ಬಂದದ್ದು ಬೇರೆಯೇ.

"ಇದ್ದದ್ದನ್ನ ಇದ್ದಂಗ ಹೇಳ್ರಿ. ಅದರ ಮ್ಯಾಲೇ ನಾನು ಸೆಟ್ ಮಾಡೋದು" ಎಂದು ಮೇಡಂ ಮೊದಲೇ ಬರೆದು ತೋರಿಸಿದ್ದರು. ಮಿಷನ್ನಿನ ಶಬ್ದ ಹೇಗಿದೆ ಎಂದು ಕೇಳಿದರೆ ನಿಖರವಾಗಿ ಹೇಳುವುದು ಫಿಟ್ಟರನ ಧರ್ಮ. ನಾನು ಹೇಳಿದೆ: "ಖಾಲಿ ಎಣ್ಣಿ ಡಬ್ಬ್ಯಾಗ ಚಮಚ ಹಾಕಿ ಅಲ್ಲಾಡಿಸಿದಂಗ ಐತಿ."

ಮೇಡಂ ಸಂತೋಷದಿಂದ ಬರೆದುಕೊಂಡರು. ಹೆಂಡತಿ ಚೀಲ ಎತ್ತಿಕೊಂಡು ಹೊರಗೆ ನಡೆದಳು. ಮರಳುವಾಗ ಗದಗ ದಾಟಿದರೂ ಮಾತಿಲ್ಲ. ಮಾತಾಡು, ಅಭ್ಯಾಸ ಆಗಬೇಕಂತೆ ಎಂದು ಗೋಗರೆದೆ. ಕೊಪ್ಪಳದ ಹತ್ತಿರ ಫೋನ್ ತೆಗೆದು ಬರೆದು ತೋರಿಸಿದಳು: "ಚಮಚ ಮಾತಾಡಂಗಿಲ್ಲ."

೨. ಕ್ಯಾಮೆರಾ

ಮೆದುಳು ಹೊಸ ಶಬ್ದಕ್ಕೆ ಹೊಂದಿಕೊಳ್ಳಬೇಕು, ತಿಂಗಳುಗಟ್ಟಲೆ ಹಿಡಿಯುತ್ತದೆ, ತಾಳ್ಮೆ ಇರಲಿ ಎಂದಿದ್ದರು ಮೇಡಂ. ತಾಳ್ಮೆ ನನ್ನ ಜಾಯಮಾನದಲ್ಲೇ ಇಲ್ಲ. ಫೋನಿನಲ್ಲಿ ನಾಲ್ಕು ಸೆಟ್ಟಿಂಗ್ ಕೊಟ್ಟಿದ್ದರು: ಮನೆಗೆ ಒಂದು, ಗದ್ದಲಕ್ಕೆ ಒಂದು, ಹೀಗೆ. ಅವನ್ನು ದಿನಕ್ಕೆ ನೂರು ಸಲ ಬದಲಾಯಿಸುತ್ತಿದ್ದೆ. ಕೂತಲ್ಲಿ ಕೂರಲಾಗುತ್ತಿರಲಿಲ್ಲ. ಎಲ್ಲೋ ಚರಚರ ಎಂದರೆ ಎದ್ದು ಹುಡುಕಿಕೊಂಡು ಹೋಗುವುದು, ನೋಡಿದರೆ ನನ್ನದೇ ಚಪ್ಪಲಿ. ತಿಂಗಳಿಗೊಮ್ಮೆ ಹೋಗಬೇಕಾದ ಹುಬ್ಬಳ್ಳಿಗೆ ಹದಿನೈದು ದಿನಕ್ಕೊಮ್ಮೆ ಹೋದೆ. ಹೆಂಡತಿ ಒಂದು ದಿನ ಮನಸ್ಸು ಕರಗಿ, "ಇನ್ನೂ ಚಮಚಾನ ಏನು?" ಎಂದು ಕೇಳಿದಳು. "ಭಾಳ ಸುಧಾರಿಸೈತಿ, ಈಗ ಸ್ಟೀಲ್ ಗಂಗಾಳ ಬಡಿದಂಗ ಐತಿ" ಎಂದೆ. ಮತ್ತೆ ಒಂದು ವಾರ ಮಾತಿಲ್ಲ.

ಇಂಥ ಒಂದು ದಿನ ಕೆಲಸ ಮುಗಿಸಿ ಸಂಡೂರಿನಿಂದ ಬಸ್ಸಿನಲ್ಲಿ ಬರುತ್ತಿದ್ದೆ. ಪಕ್ಕದ ಕಬ್ಬಿಣದ ಕಂಬಿಗೆ ತಲೆಯಾನಿಸಿದೆ. ಒಮ್ಮೆಲೇ ಲೋಕವೆಲ್ಲ ತಣ್ಣಗಾಯಿತು. ಎಷ್ಟು ಒಳ್ಳೆಯ ನಿದ್ದೆ ಬರುತ್ತಿದೆಯಲ್ಲ ಎಂದುಕೊಂಡೇ ಮಲಗಿಬಿಟ್ಟೆ. ಹೊಸಪೇಟೆಯಲ್ಲಿ ನನ್ನ ಸ್ಟಾಪಿನಲ್ಲಿ ಎಚ್ಚರವಾಗಿ ಗಡಬಡಿಸಿ ಇಳಿದೆ. ಬಸ್ಸು ಹೋದ ಮೇಲೆ ತಲೆ ಮುಟ್ಟಿಕೊಂಡರೆ ಕಿವಿ ಇಲ್ಲ.

ಅದು ಹೋದರೆ ಗಂಗಾಳವೂ ಹೋಯಿತು, ಚಮಚವೂ ಹೋಯಿತು. ಆಟೋ ಹಿಡಿದು ಬಸ್‌ಸ್ಟ್ಯಾಂಡಿಗೆ ಓಡಿದೆ. ಬಸ್ಸಿನೊಳಗೆ ನನ್ನ ಸೀಟಿನ ಸುತ್ತ ಐದಾರು ಜನ ನಿಂತು ಕಂಬಿಯನ್ನೇ ದಿಟ್ಟಿಸುತ್ತಿದ್ದರು. ನನ್ನ ಡಬ್ಬಿ ಹಸಿರು ದೀಪ ಮಿಣುಕಿಸುತ್ತ ಅಲ್ಲೇ ಅಂಟಿಕೊಂಡಿತ್ತು. ನಾನು ಕಿತ್ತು ತಲೆಗೆ ಅಂಟಿಸಿಕೊಂಡೆ. ಕಂಡಕ್ಟರ್ ಬಾಯಿ ತೆರೆದು ನೋಡಿದ.

"ಅದು ನಿಮ್ಮ ಕಿವೀನ್ರಿ? ನಾವು ಹೊಸಾ ಕ್ಯಾಮೆರಾ ಕುಂದ್ರಿಸ್ಯಾರ ಅಂದ್ಕಂಡ್ವಿ. ದಾರಿಯುದ್ದಕ್ಕೂ ಒಬ್ಬರೂ ಸೀಟಿಗೆ ಜಗಳ ಆಡಿಲ್ಲ. ಕ್ಯಾಮೆರಾ ಬುಡಕ್ಕ ಬಾಯಿ ತಕ್ಕೊಂಡು ಮಲಗಿದ ನಿಮ್ಮ ಧೈರ್ಯಾನ ಎಲ್ಲಾರೂ ಮೆಚ್ಕೊಂಡ್ರು ನೋಡ್ರಿ."

೩. ಹಂಪಿಯಲ್ಲಿ ಪಾಸು

ಮನೆಗೆ ಬಂದವರೆಲ್ಲ ನನ್ನನ್ನು ಪರೀಕ್ಷೆ ಮಾಡದೆ ಹೋಗುತ್ತಿರಲಿಲ್ಲ. ಹಿಂದೆ ನಿಂತು ಪಿಸುಗುಟ್ಟುವುದು, ತಾಟು ಬೀಳಿಸುವುದು. ಹೊಸ ಬೋರ್‌ವೆಲ್ಲಿಗೆ ನೀರು ಬಂತೇ ಎಂದು ನೋಡಲು ಬರುವವರ ಹಾಗೆ ಬರುತ್ತಿದ್ದರು. ಭಾಮೈದನಿಗೆ ಇಷ್ಟು ಸಾಲದಾಯಿತು.

"ಮಾಮ, ಆ ಕಂಪ್ಯೂಟರಿಗೇನು ತಿಳಿತೈತಿ? ಹಂಪಿ ಕಲ್ಲಿನ ನಾದ ಕೇಳಿತಂದ್ರ ನಿಮ್ಮ ಕಿವಿ ಪಾಸು" ಎಂದು ಭಾನುವಾರ ನಮ್ಮನ್ನು ವಿಠ್ಠಲ ದೇವಸ್ಥಾನಕ್ಕೆ ಕರೆದೊಯ್ದ. ಸಂಗೀತದ ಕಂಬ ಬಾರಿಸುವಂತಿಲ್ಲ ಎನ್ನುವುದು ಹೊಸಪೇಟೆಯಲ್ಲಿ ಹುಟ್ಟಿದ ಕೂಸಿಗೂ ಗೊತ್ತು. ಅವನಿಗೂ ಗೊತ್ತಿತ್ತು. ನಮ್ಮದು ದವಾಖಾನೆ ಕೇಸು, ಬಿಡುತ್ತಾರೆ ಎಂದು ಅವನ ಲೆಕ್ಕ.

ಕಾವಲುಗಾರ ಬಿಡಲಿಲ್ಲ. ಭಾಮೈದ ನನ್ನ ತಲೆ ತಿರುಗಿಸಿ ಡಬ್ಬಿ ತೋರಿಸಿದ. "ಒಂದ ಬೆರಳಿಲೆ ಟಣ್ ಅನಸ್ತೀನ್ರಿ. ಇವರ ಕಿವಿ ಚೆಕ್ ಮಾಡೋದೈತಿ."

"ರಾಯರು ಇದನ್ನ ಕಿವಿ ದವಾಖಾನಿ ಅಂತ ಕಟ್ಟಿಸಿಲ್ರಿ" ಎಂದ ಕಾವಲುಗಾರ. ಅಷ್ಟರಲ್ಲಿ ಅತ್ತ ಯಾರೋ ಕಂಬದ ಕಡೆ ಕೈ ಚಾಚಿದರು. ಅವನು ನನ್ನ ಪಕ್ಕದಲ್ಲೇ ನಿಂತು ಸೀಟಿ ಊದಿದ. ತಲೆಯೊಳಗೆ ಡ್ರಿಲ್ ಇಳಿದಂತಾಗಿ ನಾನು ಎರಡೂ ಕೈಯಲ್ಲಿ ತಲೆ ಹಿಡಿದು ಕೂತುಬಿಟ್ಟೆ.

ಭಾಮೈದನ ಮುಖ ಅರಳಿತು. ಅಕ್ಕನ ಕಡೆ ತಿರುಗಿ, "ಪಾಸಾದ್ರು ಬಿಡಕ್ಕ" ಎಂದ. ಕಾವಲುಗಾರನಿಗೂ ಸಂತೋಷವಾಯಿತು. "ಇನ್ನೊಮ್ಮಿ ಊದ್ಲೇನ್ರಿ?" ಎಂದು ಕೇಳಿದ.

೪. ಕೆಂಪು ಪುಡಿ

ಆಯುಧ ಪೂಜೆ ಬಂತು. ನನ್ನ ಬೈಕು, ನಟ್ಟು ಬಿಗಿಯುವ ಪಾನಾಗಳ ಪೆಟ್ಟಿಗೆ, ಅವಳ ಮಿಕ್ಸರು ಎಲ್ಲವೂ ತೊಳೆಸಿಕೊಂಡು ಸಾಲಾಗಿ ನಿಂತವು. ಹೆಂಡತಿ ಬಂದು ನನ್ನ ಮುಂದೆ ಕೈ ಚಾಚಿದಳು. ಡಬ್ಬಿಯನ್ನು ಚಾರ್ಜಿಗೆ ಇಡುತ್ತಾಳೆಂದು ತೆಗೆದುಕೊಟ್ಟು ಸ್ನಾನಕ್ಕೆ ಹೋದೆ. ಬರುವಷ್ಟರಲ್ಲಿ ಒರೆಸಿ ಸ್ವಚ್ಛ ಮಾಡಿ ವಾಪಸು ಕೊಟ್ಟಳು.

ಅವತ್ತಿನಿಂದ ಎಲ್ಲರೂ ಗಾದಿಯೊಳಗೆ ಮುಖ ಹುದುಗಿಸಿ ಮಾತಾಡಿದಂತೆ ಕೇಳತೊಡಗಿತು. ಶಬ್ದ ಏರಿಸಿದೆ. ಮತ್ತೆ ಏರಿಸಿದೆ. ಎರಡು ವಾರದಲ್ಲಿ ಏರಿಸಲು ಜಾಗವೇ ಉಳಿಯಲಿಲ್ಲ. ಒಳಗಿನ ಯಂತ್ರ ಕೆಟ್ಟಿತು, ಇನ್ನು ಅವಳ ಧ್ವನಿ ಈ ಜನ್ಮಕ್ಕಿಲ್ಲ ಎಂದು ನನಗೆ ಊಟ ಸೇರಲಿಲ್ಲ. ಅವಳನ್ನು ಕರೆದುಕೊಂಡು ಹುಬ್ಬಳ್ಳಿಗೆ ಓಡಿದೆ.

ಮೇಡಂ ಒಂದು ತಾಸು ಕಂಪ್ಯೂಟರಿನಲ್ಲಿ ಹುಡುಕಿದರು. ಒಳಗಿನ ಯಂತ್ರ ಸರಿಯಾಗಿತ್ತು. ಆಮೇಲೆ ಡಬ್ಬಿಯನ್ನು ಭೂತಗನ್ನಡಿಯ ಕೆಳಗಿಟ್ಟು, ಶಬ್ದ ಒಳಗೆ ಹೋಗುವ ಸಣ್ಣ ತೂತುಗಳನ್ನು ಬ್ರಷ್‌ನಿಂದ ಕೆದಕಿದರು. ಬಿಳಿ ಹಾಳೆಯ ಮೇಲೆ ಕೆಂಪು ಪುಡಿ ಉದುರಿತು. ಶಬ್ದವನ್ನು ಮೊದಲಿನಷ್ಟಕ್ಕೆ ಇಳಿಸಿ ಡಬ್ಬಿಯನ್ನು ನನ್ನ ತಲೆಗೆ ಅಂಟಿಸಿ ಬೈಯಲು ಶುರುಮಾಡಿದರು.

"ಸಂಡೂರಿನ ಗಣ್ಯಾಗ ಕೆಲಸ ಅಂತ ಗೊತ್ತಾದ ದಿನಾನ ಹೇಳಿದ್ದೆ, ಅದಿರಿನ ಧೂಳು ಭಾಳ ಕೆಟ್ಟದ್ದು, ಕವರ್ ಹಾಕ್ರಿ ಅಂತ."

ನಾನು ತಪ್ಪೊಪ್ಪಿಕೊಂಡು ತಲೆ ತಗ್ಗಿಸಿದೆ. ಆಗ ಬೆನ್ನ ಹಿಂದಿನಿಂದ ಒಂದು ಧ್ವನಿ ಬಂತು.

"ಅದಿರಿನ ಧೂಳಲ್ರಿ ಮೇಡಂ, ಅದು ಕುಂಕುಮ. ಮನ್ಯಾಗಿನ ಎಲ್ಲಾ ಮಿಷನ್ನಿಗೂ ಹಚ್ಚತೀವಿ. ಇವರ ತಲಿಮ್ಯಾಲಿನ ಮಿಷನ್ನೊಂದ ಬಿಡಬೇಕೇನ್ರಿ? ಅದಕ್ಕ ತೂತು ಎಲ್ಲೈತಿ ಅಂತ ನನಗೇನು ಗೊತ್ತು? ನನ್ನ ದನಿ ಚಮಚ ಆಗೈತಿ, ಸರಿ ಹೋಗ್ಲಿ ಅಂತ ಬೇಡ್ಕೊಂಡು ಎರಡು ಬಟ್ಟು ಜಾಸ್ತೀನ ಹಚ್ಚಿದೆ."

ಚಮಚವಲ್ಲ, ಗಂಗಾಳವಲ್ಲ. ಮಾತಿನ ಕೊನೆಗೆ ಸ್ವಲ್ಪ ಒಡೆಯುವ, ಸಿಟ್ಟು ಬಂದಾಗ ಇನ್ನಷ್ಟು ಒಡೆಯುವ ಅದೇ ಧ್ವನಿ. ನಾನು ಮರೆತೇಬಿಟ್ಟೆ ಎಂದುಕೊಂಡಿದ್ದೆ, ಮರೆತಿರಲಿಲ್ಲ. ಕಣ್ಣಲ್ಲಿ ನೀರು ಬಂತು. ಒರೆಸಿಕೊಳ್ಳಲೂ ಇಲ್ಲ.

"ಮೇಡಂ, ಇನ್ನ ಏನೂ ಮುಟ್ಟಬ್ಯಾಡ್ರಿ. ಇದ ಆಕಿ ದನಿ" ಎಂದೆ.

"ನಾನೇನೂ ಬದಲಾಯಿಸಿಲ್ರಿ. ಇಷ್ಟು ದಿನಕ್ಕ ನಿಮ್ಮ ಮೆದುಳು ಕಲ್ತುಕೊಂಡೈತಿ" ಎಂದರು ಮೇಡಂ.

ಹೆಂಡತಿ ಅದನ್ನು ಒಪ್ಪಲಿಲ್ಲ. "ಕುಂಕುಮ ಕೆಲಸ ಮಾಡೈತ್ರಿ" ಎಂದಳು.

೫. ತಗೀರಿ

ಇನ್ನು ಅವಳು ಮಾತಾಡುತ್ತಾಳೆ, ನಾನು ಕೇಳುತ್ತೇನೆ ಎಂದುಕೊಂಡಿದ್ದೆ. ನಡೆದದ್ದೇ ಬೇರೆ. ಈಗ ಚಡಪಡಿಸುವ ಸರದಿ ಅವಳದು. ಸಂಜೆ ಕಟ್ಟೆಯ ಮೇಲೆ ಮೆಂತ್ಯ ಸೊಪ್ಪು ಸೋಸುತ್ತ ಕೂರುವಳು, ಬಾಯಿ ತೆರೆಯುವಳು, ನನ್ನ ಕಡೆ ನೋಡಿ ಮುಚ್ಚುವಳು, ಎದ್ದು ಒಳಗೆ ಹೋಗುವಳು.

"ಮತ್ತ ಚಮಚ ಅನ್ನಂಗಿಲ್ಲ, ಏನರ ಮಾತಾಡು" ಎಂದೆ ಒಂದು ದಿನ.

"ಅದಲ್ರಿ" ಎಂದಳು. "ಆರು ವರ್ಷ ದಿನಾ ಸಂಜಿಗೆ ಇಲ್ಲಿ ಕುಂತು, ತಲಿ ತಗ್ಗಿಸಿಕೊಂಡು ಹೊಟ್ಟ್ಯಾಗಿದ್ದದ್ದೆಲ್ಲಾ ನಿಮ್ಮ ಮುಂದ ಹೇಳ್ಕಂತಿದ್ದೆ. ನಿಮಗ ಕೇಳತಿದ್ದಿಲ್ಲ. ಆದ್ರೂ ಗೋಣು ಹಾಕ್ತಿದ್ರಿ. ನನಗ ಹಗುರಾಗತಿತ್ತು. ಈಗ ಯಾರ ಮುಂದ ಹೇಳ್ಲಿ?" ಆಮೇಲೆ ಮೆಲ್ಲಗೆ ಕೇಳಿದಳು: "ಅದನ್ನ ಒಂದೀಟು ತಗೀರಿ. ಮಾತಾಡೋದೈತಿ."

ಈ ಧ್ವನಿಗಾಗಿ ತಲೆ ಕೊಯ್ಯಿಸಿಕೊಂಡು, ಹುಬ್ಬಳ್ಳಿಗೆ ಎಡತಾಕಿ, ಬಸ್ಸಿನ ಹಿಂದೆ ಓಡಿದವನು ನಾನು. ಡಬ್ಬಿ ತೆಗೆದು ಮುಷ್ಟಿಯಲ್ಲಿ ಹಿಡಿದುಕೊಂಡೆ. ಅವಳು ಸೊಪ್ಪಿನ ಕಡೆ ಮುಖ ಮಾಡಿ ಶುರುಮಾಡಿದಳು. ಕೈ ಆಡಿಸಿದಳು, ಎರಡು ಸಲ ನಕ್ಕಳು, ಒಮ್ಮೆ ಸೆರಗಿನಿಂದ ಕಣ್ಣೊರೆಸಿಕೊಂಡಳು. ಐದು ನಿಮಿಷ ಒಂದು ಕಡೆ ಕೂರಲಾರದ ನಾನು ಅರ್ಧ ತಾಸು ಅಲುಗಾಡದೆ ಕೂತೆ. ಅವಳು ತಡೆದಲ್ಲೆಲ್ಲ ಹಳೆಯ ರೂಢಿಯಂತೆ ಗೋಣು ಹಾಕಿದೆ.

ಮುಗಿದ ಮೇಲೆ ಹಾಕಿಕೊಳ್ಳಿ ಎಂದು ಸನ್ನೆ ಮಾಡಿದಳು. ಹಾಕಿಕೊಂಡೆ. ಅವಳ ಮುಖ ತಿಳಿಯಾಗಿತ್ತು, ಸೊಪ್ಪೂ ಸೋಸಿ ಮುಗಿದಿತ್ತು.

"ಏನು ಹೇಳಿದಿ?" ಎಂದೆ.

"ಅದೆಲ್ಲಾ ಯಾಕ ನಿಮಗ?" ಎಂದು ಬುಟ್ಟಿ ಎತ್ತಿಕೊಂಡಳು. "ಮದಿವ್ಯಾಗಿಂದ ಇವತ್ತಿನ ತನಕ ತಪ್ಪೆಲ್ಲಾ ನಿಮ್ಮದ ಹೌದಲ್ರಿ ಅಂತ ಕೊನಿಗೆ ಕೇಳಿದೆ. ಹೌದಂತ ಗೋಣು ಹಾಕಿದ್ರಿ. ನನಗಷ್ಟು ಸಾಕು."