ಮಾವನ ಮುಗಿಯದ ಪ್ರಾಯಶ್ಚಿತ್ತ

ನಮ್ಮ ಮಾವನವರಷ್ಟು ಸಣ್ಣ ಪಾಪಕ್ಕೆ ಅಷ್ಟು ದೊಡ್ಡ ಶಿಕ್ಷೆ ಅನುಭವಿಸಿದವರು ಹೆಬ್ಬಾಳದಲ್ಲಿ ಇನ್ನೊಬ್ಬರಿಲ್ಲ. ಕೊಲೆ ಮಾಡಿದವರು ಕೂಡ ಹದಿನಾಲ್ಕು ವರ್ಷಕ್ಕೆ ಹೊರಗೆ ಬರುತ್ತಾರೆ. ನಮ್ಮ ಮಾವ ಹದಿನೈದನೆಯ ವರ್ಷವೂ ಒಳಗೇ ಇದ್ದರು. ಬಾಗಿಲು ತೆರೆದೇ ಇತ್ತು, ಅವರೇ ಹೊರಗೆ ಬರಲೊಲ್ಲರು.

ಅವರ ಪಾಪ ಇಷ್ಟೇ. ಯೇಸು ಸತ್ತ ದಿನವಾದ ಒಂದು ಶುಭ ಶುಕ್ರವಾರ ಊರಿನ ಕ್ರೈಸ್ತರೆಲ್ಲ ಶಿಲುಬೆಯ ಹಾದಿಯ ಮೆರವಣಿಗೆ ಹೊರಟಿದ್ದರೆ ಇವರು ಕೆರೆಯಲ್ಲಿ ಬಲೆ ಹಾಕಿ ಕಾಡುಬಾತು ಹಿಡಿದರು, ಭಾನುವಾರದ ಪಾಸ್ಕ, ಅಂದರೆ ಈಸ್ಟರ್ ಹಬ್ಬದ ಊಟಕ್ಕೆ. ಕತ್ತು ಮುರಿದ ಬಾತುಗಳನ್ನು ಗೋಣಿಚೀಲದಲ್ಲಿ ಹೊತ್ತು ಬರುವಾಗ ಮೆರವಣಿಗೆ ಎದುರಾಯಿತು. ಶಿಲುಬೆ ಹೊತ್ತವರ ಮುಂದೆ ಇವರು ಚೀಲ ಹೊತ್ತು ನಿಂತರು. ಮಾರನೆಯ ದಿನ ಬೆಳಗ್ಗೆಯೇ ಪಾಪನಿವೇದನೆಗೆ ಓಡಿದರು. ಚರ್ಚಿನಲ್ಲಿ ಆಗಿದ್ದ ಗುರುಗಳು ಬಿಳಿಗಡ್ಡದ ಪರದೇಶದವರು. “ಹೋಗು, ಹಕ್ಕಿಗಳಿಗೆ ಕಾಳು ಹಾಕು. ನಾನು ಸಾಕು ಅನ್ನುವವರೆಗೆ ಹಾಕು” ಎಂದರು. ಹಬ್ಬ ಕಳೆದು ಎರಡು ವಾರಕ್ಕೆ ಅವರಿಗೆ ದೂರದ ಊರಿಗೆ ವರ್ಗವಾಯಿತು. ಸಾಕು ಅನ್ನುವುದನ್ನು ಮರೆತು ಹೊರಟುಹೋದರು.

ಇದೆಲ್ಲ ನನಗೆ ಹೇಗೆ ಗೊತ್ತು ಅಂತೀರಾ? ಪಾಪನಿವೇದನೆಯ ಗುಟ್ಟನ್ನು ಗುರುಗಳು ಯಾರಿಗೂ ಹೇಳುವ ಹಾಗಿಲ್ಲ. ಮಾವನಿಗೆ ಆ ನಿಯಮ ಇರಲಿಲ್ಲ. ಟೀ ಅಂಗಡಿಯಿಂದ ಹಿಡಿದು ಬಾಗಲೂರಿನ ನನ್ನ ತವರಿನವರೆಗೆ ಎಲ್ಲರಿಗೂ ಹೇಳಿಕೊಂಡು ಬಂದಿದ್ದರು. ನಾನು ಸೊಸೆಯಾಗಿ ಬರುವ ಮೊದಲೇ ಅವರ ಪಾಪ ನಮ್ಮ ಮನೆಗೆ ಬಂದಿತ್ತು.

ಕಾಳು ಹಾಕಿಕೊಂಡು ಇದ್ದಿದ್ದರೆ ಆಗುತ್ತಿತ್ತು. ಪ್ರಾಯಶ್ಚಿತ್ತ ಮುಗಿಯುವವರೆಗೆ, ಯೇಸುವಿನ ಶರೀರವೆಂದು ಪೂಜೆಯಲ್ಲಿ ಕೊಡುವ ಪರಮಪ್ರಸಾದ ಮುಟ್ಟುವುದಿಲ್ಲ ಅಂತ ತಾವೇ ಇನ್ನೊಂದು ಶಿಕ್ಷೆ ಸೇರಿಸಿಕೊಂಡರು. ಭಾನುವಾರದ ಪೂಜೆಗೆ ಎಲ್ಲರಿಗಿಂತ ಮೊದಲು ಬರುವವರು ಅವರೇ. ಪರಮಪ್ರಸಾದಕ್ಕೆ ಜನ ಸಾಲಾಗಿ ಎದ್ದಾಗ ಕೊನೆಯ ಬೆಂಚಿನಲ್ಲಿ ಕೂತು, ಹಸಿದವನು ಮದುವೆಮನೆಯ ಪಂಕ್ತಿ ನೋಡುವ ಹಾಗೆ ನೋಡುತ್ತಿದ್ದರು. ಆ ಮನುಷ್ಯನಿಗೆ ಜೀವನದಲ್ಲಿ ಬೇಕಾಗಿದ್ದದ್ದು ಅದೊಂದೇ. ಅದನ್ನೇ ಬಿಟ್ಟು ಕೂತಿದ್ದರು.

ಮದುವೆಯಾದ ಮರುದಿನ ಬೆಳಗ್ಗೆ ಅಡುಗೆಮನೆಗೆ ಹೋದರೆ ಮಾವ ರಾಗಿ ಮಡಕೆಗೆ ಕೈ ಹಾಕಿದ್ದರು. ರೇಷನ್ ಅಂಗಡಿ ಮುಂದೆ ಸಾಲು ನಿಂತು ಕಾಳು ತರುತ್ತಿದ್ದ ಕಾಲ ಅದು.

“ಮನೆಯವರು ಉಂಡು ಉಳಿದಿದ್ದು ಹಾಕಿ ಮಾವ” ಎಂದೆ.

“ಬಲೆ ಹಾಕೋವಾಗ ನಿಮ್ಮ ಊಟ ಆಯ್ತಾ ಅಂತ ಬಾತುಗಳನ್ನ ನಾನು ಕೇಳಿದ್ನೇನಮ್ಮ?” ಎಂದು ಎರಡು ಮುಷ್ಟಿ ತುಂಬಿಕೊಂಡು ಹೋದರು.

ಆಕಾಶದ ಹಕ್ಕಿಗಳಿಗೆ ದೇವರು ಉಣಿಸುತ್ತಾನೆ ಅಂತ ಪ್ರಸಂಗ ಕೇಳುತ್ತೇವೆ. ಹೆಬ್ಬಾಳದ ಮಟ್ಟಿಗೆ ಆ ಕೆಲಸ ನನ್ನ ಮಡಕೆಯಿಂದ ನಡೆಯುತ್ತಿತ್ತು. ಅಂಗಳದಲ್ಲಿ ಗುಬ್ಬಿ, ಗೊರವಂಕ, ಪಾರಿವಾಳ. ಕೆರೆಯಂಚಿನಲ್ಲಿ ಬಾತುಗಳು. ಬಾತುಗಳ ಮುಂದೆ ಮಾತ್ರ ಮಾವ ತಲೆಯ ರುಮಾಲು ತೆಗೆದು ನಿಲ್ಲುತ್ತಿದ್ದರು.

“ಯಾಕೆ ಮಾವ, ಅವೇನು ಬಿಷಪ್ಪರಾ?”

“ಸತ್ತವುಗಳ ಕಡೆಯವರು ಕಣಮ್ಮ. ಕಡೇ ತೀರ್ಪಿನ ದಿನ ಸಾಕ್ಷಿ ಯೋಳೋಕೆ ಮುಂದಿನ ಸಾಲಲ್ಲಿ ನಿಂತಿರ್ತವೆ.”

ಹೊಸದಾಗಿ ಬಂದ ಗುರುಗಳೆಲ್ಲ ಇವರನ್ನು ಬಿಡಿಸಲು ನೋಡಿದರು. ಸ್ಕೂಟರಿನಲ್ಲಿ ಓಡಾಡುತ್ತಿದ್ದ ಚಿಕ್ಕ ವಯಸ್ಸಿನ ಗುರುಗಳೊಬ್ಬರು ಮನೆಗೇ ಬಂದು, “ಅಜ್ಜಾ, ಪ್ರಾಯಶ್ಚಿತ್ತ ಮುಗಿಯೋವರೆಗೆ ಪ್ರಸಾದ ತಗೋಬಾರ್ದು ಅಂತ ಎಲ್ಲೂ ಇಲ್ಲ. ನಾನೇ ಸಾಕು ಅಂತೀನಿ, ಆಯ್ತಾ?” ಎಂದರು.

“ನೀವು ಕೊಟ್ಟಿದ್ದಲ್ವಲ್ಲ ಸ್ವಾಮಿ. ಅರ್ಧ ದಾರೀಲಿ ಕಂಡಕ್ಟರ್ ಬದಲಾದ ಅಂತ ಬಸ್ ಇಳಿದುಬಿಡೋಕಾಗುತ್ತಾ?”

ಗುರುಗಳು ನಾನು ಕೊಟ್ಟ ಕಾಫಿ ಕುಡಿದು ಹೊರಟರು. ಹೋಗುವಾಗ ನನ್ನ ಕಡೆ ನೋಡಿ, “ನೀವು ಹೆಂಗಮ್ಮ ಸಂಸಾರ ಮಾಡ್ತೀರಿ ಇವರ ಜೊತೆ?” ಎಂದರು. ಹೆಂಗೆ ಮಾಡುತ್ತಿದ್ದೆನೋ ನನಗೂ ಗೊತ್ತಿಲ್ಲ.

ನನ್ನ ಮಗಳು ಮೊದಲ ಪರಮಪ್ರಸಾದ ತೆಗೆದುಕೊಂಡ ದಿನ ಬಿಳಿ ಫ್ರಾಕಿನಲ್ಲೇ ಕೊನೆಯ ಬೆಂಚಿಗೆ ಓಡಿಹೋಗಿ, “ತಾತ, ನಿಂಗೆ ಯೇಸುಸ್ವಾಮಿ ಬೇಡ್ವಾ?” ಎಂದು ಕೇಳಿದಳು. ಎಲ್ಲದಕ್ಕೂ ಉತ್ತರ ಇಟ್ಟುಕೊಂಡಿದ್ದ ಮನುಷ್ಯ ಅವತ್ತು ಅವಳ ಫ್ರಾಕಿನ ಕಾಲರು ಸರಿಮಾಡಿ ಕಳಿಸಿಬಿಟ್ಟರು. ಮನೆಗೆ ಬಂದ ಮೇಲೆ, ಅವಳಿಗಾಗಿ ಮಾಡಿದ್ದ ಬಿರಿಯಾನಿ ಮುಟ್ಟಲಿಲ್ಲ.

ಎರಡು ವರ್ಷ ಕಳೆದು ಮಾವನಿಗೆ ಎದೆ ಬೇನೆ ಬಂತು. ಡಾಕ್ಟರು ನನ್ನ ಗಂಡನನ್ನು ಪಕ್ಕಕ್ಕೆ ಕರೆದು, ಹೆಚ್ಚು ದಿನ ಇಲ್ಲ ಎಂದರು. ಬಿಳಿಗಡ್ಡದ ಗುರುಗಳು ಇನ್ನೂ ಬದುಕಿದ್ದಾರೆ, ಈಗ ಪಟ್ಟಣದ ಆಚೆ ತುದಿಯಲ್ಲಿ ವಯಸ್ಸಾದ ಗುರುಗಳ ಮನೆಯಲ್ಲಿದ್ದಾರೆ ಎಂದು ಸ್ಕೂಟರಿನ ಗುರುಗಳು ವಿಳಾಸ ಬರೆದುಕೊಟ್ಟರು. ಮಾವನಿಗೆ ಹೇಳಿ, ಎರಡು ಬಸ್ಸು ಬದಲಾಯಿಸಿ ಹೋದೆ.

ಗುರುಗಳು ವರಾಂಡದಲ್ಲಿ ಈಜಿಚೇರಿನ ಮೇಲೆ ಕೂತಿದ್ದರು. ಗಡ್ಡ ಮಾವ ಹೇಳಿದ ಹಾಗೇ ಇತ್ತು. ಹೆಬ್ಬಾಳ ಎಂದೆ, ಕೆರೆ ಎಂದೆ, ಬಾತು ಎಂದೆ. ನಗುತ್ತಾ ಕೇಳಿಸಿಕೊಂಡರು.

“ಊಟ ಆಯ್ತಾ ಅಮ್ಮಾ?” ಎಂದರು.

“ಆಯ್ತು ಸ್ವಾಮಿ. ಸಾಕು ಅಂತ ಒಂದ್ ಮಾತು ಹೇಳಿ. ಸಾಯೋ ಮನುಷ್ಯ ಕಾಯ್ತಾ ಇದ್ದಾರೆ.”

“ಊಟ ಆಯ್ತಾ ಅಮ್ಮಾ?”

ಮೂರು ಸಲ ಕೇಳಿದೆ. ಮೂರು ಸಲವೂ ಅದೇ. ನೋಡಿಕೊಳ್ಳುತ್ತಿದ್ದ ಸಿಸ್ಟರು ಬಂದು, “ಅವರಿಗೆ ಅವರ ಹೆಸರೇ ನೆನಪಿಲ್ಲಮ್ಮ, ಬಲವಂತ ಮಾಡಬೇಡಿ” ಎಂದರು.

ವಾಪಸು ಬಸ್ಸಿನಲ್ಲಿ ಹೆಬ್ಬಾಳದವರೆಗೂ ನನಗೆ ಸಿಟ್ಟು. ಯಾರ ಮೇಲೆ ಅಂತ ತಿಳಿಯಲಿಲ್ಲ. ಮಾವ ಬಾಗಿಲಲ್ಲೇ ಕೂತಿದ್ದರು. ಚಪ್ಪಲಿ ಬಿಡುವಷ್ಟರಲ್ಲಿ ಕೇಳಿದರು, “ಸಿಕ್ಕಿದ್ರಾ?”

“ಸಿಕ್ಕಿದ್ರು.”

“ಏನಂದ್ರು?”

“ಸಾಕು ಅಂದ್ರು.”

ನನ್ನ ಮುಖವನ್ನೇ ನೋಡಿದರು. ನಾನೂ ಕಣ್ಣು ತಗ್ಗಿಸಲಿಲ್ಲ.

“ಬೇರೆ ಯಾರೇ ಯೋಳಿದ್ರೂ ನಂಬ್ತಿರ್ಲಿಲ್ಲ ಕಣಮ್ಮ” ಎಂದರು. “ನಿನ್ ಬಾಯಿ ಕೆಟ್ಟದ್ದು. ಆದ್ರೆ ಅದ್ರಲ್ಲಿ ಸುಳ್ಳು ಬರಲ್ಲ.”

ಆ ಭಾನುವಾರ ಒಗೆದ ಪಂಚೆ ಉಟ್ಟು ಬಂದರು. ಪರಮಪ್ರಸಾದದ ಹೊತ್ತಿಗೆ ಎದ್ದು, ಒಂದೊಂದೇ ಬೆಂಚು ಹಿಡಿದುಕೊಂಡು ಮುಂದಕ್ಕೆ ನಡೆದರು. ಜನ ದಾರಿ ಬಿಟ್ಟು ನಿಂತರು. ಸ್ಕೂಟರಿನ ಗುರುಗಳು ಮೆಟ್ಟಿಲಿಳಿದು ಎದುರು ಬಂದದ್ದು ನನಗೆ ಹೆಂಗಸರ ಸಾಲಿನಿಂದಲೇ ಕಂಡಿತು. ಮಾವ ಕಣ್ಣು ಮುಚ್ಚಿ ಬಾಯಿ ತೆರೆದರು.

ನಾನು ಏಳಲಿಲ್ಲ. ಅಷ್ಟು ದೊಡ್ಡ ಸುಳ್ಳು ಹೇಳಿದ ನಾಲಿಗೆಯನ್ನು ದೇವರ ಮುಂದೆ ಚಾಚುವುದು ಹೇಗೆ? ಎಲ್ಲರೂ ಹೋಗಿ ಬಂದರು, ನಾನು ಮೊಣಕಾಲೂರಿಕೊಂಡೇ ಇದ್ದೆ.

ಪೂಜೆ ಮುಗಿದ ಮೇಲೆ ಮೆಟ್ಟಿಲ ಹತ್ತಿರ ಮಾವ ಕಾಯುತ್ತಿದ್ದರು. “ನೀನ್ಯಾಕಮ್ಮ ಪರಸಾದಕ್ಕೆ ಬರಲಿಲ್ಲ?”

“ಮಂಡಿ ನೋವು ಮಾವ. ಏಳಕ್ಕಾಗ್ಲಿಲ್ಲ.”

ಮಾವ ಸೊಸೆಯ ಕೈ ಮುಟ್ಟುವ ಕಾಲವಲ್ಲ ಅದು. ಅವರಿಗೇ ನೆಟ್ಟಗೆ ನಿಲ್ಲಲು ಆಗುತ್ತಿರಲಿಲ್ಲ. ಊರಿನವರೆಲ್ಲ ನೋಡುತ್ತಿರುವಾಗ ಕೈ ಚಾಚಿ, “ಹಿಡ್ಕೊ” ಎಂದರು. ಹಿಡಿದುಕೊಂಡೆ. ಮನೆ ತಲುಪುವವರೆಗೂ ಕುಂಟಿಕೊಂಡೇ ನಡೆದೆ.