ಮಾವನ ಕಾದಂಬರಿ, ಟಿವಿಯ ಸುಳ್ಳು

ಎತ್ತಿನ ಬಾಯಿ ತೆಗೆಸಿ, ಹಲ್ಲು ನೋಡಿ ವಯಸ್ಸು ಹೇಳುವ ನನ್ನ ಸೋದರಮಾವ ಕಾಲೇಜು ಹುಡುಗ-ಹುಡುಗಿಯ ಪ್ರೇಮ ಕಾದಂಬರಿ ಓದಿ ಕಣ್ಣೀರು ಹಾಕುತ್ತಾನೆ ಎಂದರೆ ಗಜೇಂದ್ರಗಡದ ದನದ ಸಂತೆಯಲ್ಲಿ ಒಬ್ಬರೂ ನಂಬುವುದಿಲ್ಲ. ನೀವಾದರೂ ನಂಬಬೇಕು!

ಮಾವ ದನದ ದಲಾಲಿ. ಆರಡಿ ಆಳು, ಅದಕ್ಕೆ ತಕ್ಕ ಮೀಸೆ. ಹೆಗಲ ಮೇಲೆ ಸದಾ ಒಂದು ಟವೆಲ್. ದರ ಮಾತಾಡುವಾಗ ಆ ಟವೆಲ್ಲನ್ನು ಎದುರಿನವನ ಕೈಮೇಲೆ ಹೊದಿಸಿ, ಒಳಗೇ ಬೆರಳು ಹಿಡಿದು ವ್ಯವಹಾರ ಮುಗಿಸುತ್ತಿದ್ದ. ಸುತ್ತ ನಿಂತವರಿಗೆ ಟವೆಲ್ ಅಲ್ಲಾಡುವುದಷ್ಟೇ ಕಾಣುತ್ತಿತ್ತು. ಇಂಥ ಮನುಷ್ಯ ಜನ್ಮದಲ್ಲಿ ಓದಿದ್ದು ಒಂದೇ ಒಂದು ಕಾದಂಬರಿ. ಆದರೆ ಎಷ್ಟು ಸಲ! ಮದುವೆಯಾದ ಹೊಸದರಲ್ಲಿ ಅತ್ತೆಗೆ ಓದು ಬರುತ್ತಿರಲಿಲ್ಲ. ಸಂಜೆ ಅವಳು ರೊಟ್ಟಿ ಬಡಿಯುತ್ತಿದ್ದರೆ ಇವನು ಒಲೆಯ ಬೆಳಕಿನಲ್ಲಿ ಕೂತು ಅದನ್ನೇ ಓದಿ ಹೇಳುತ್ತಿದ್ದನಂತೆ.

ನಾನು ಪಿಯುಸಿಗೆಂದು ಅವರ ಮನೆಯಲ್ಲಿದ್ದ ವರ್ಷವೇ ಆ ಕಾದಂಬರಿ ಟಿವಿಯಲ್ಲಿ ಧಾರಾವಾಹಿಯಾಗಿ ಬಂತು. ಅತ್ತೆ ಹಿಗ್ಗಿ, ಮೊದಲ ದಿನ ಬೇಗ ರೊಟ್ಟಿ ಮುಗಿಸಿ ಮಲ್ಲಿಗೆ ಮುಡಿದು ಕೂತಳು. ಮಾವ ಮಾತ್ರ ಪುಸ್ತಕವನ್ನು ತೊಡೆಯ ಮೇಲಿಟ್ಟುಕೊಂಡು ವಕೀಲನ ಹಾಗೆ ಕೂತ.

ಟಿವಿಯಲ್ಲಿ ಬೆಟ್ಟ, ಮಂಜು, ಜಡಿಮಳೆ. ನಮ್ಮ ಊರಲ್ಲೋ ಗುಡ್ಡದ ಮೇಲಿನ, ಕರೆಂಟು ತೆಗೆಯುವ ಗಾಳಿಪಂಖಗಳ ಹಿಂದೆ ಒಂದು ತುಂಡು ಮೋಡವೂ ಇಲ್ಲ. ನನಗೆ ಮಾತ್ರ ಮೈಯೆಲ್ಲ ತೊಯ್ದ ಹಾಗಾಯಿತು!

"ಬಸ್ ಸ್ಟ್ಯಾಂಡ್ ಎಲ್ಲಿ ಹೋತು?" ಮಾವ ಗುಡುಗಿದ. "ಕಾದಂಬರ್ಯಾಗ ಇಬ್ರೂ ಬಸ್ ಸ್ಟ್ಯಾಂಡಿನ್ಯಾಗ ಭೆಟ್ಟಿ ಆಗ್ತಾರ!"

ಅಷ್ಟರಲ್ಲಿ ನಾಯಕ ಬಂದ. ಪಿಯುಸಿ ಹುಡುಗನಂತೆ. ಮುಖದ ತುಂಬ ಗಡ್ಡ.

"ಇವ ಪಿಯುಸಿ? ಬಾಯಿ ತೆಗಸ್ರಿ ಅವಂದು, ಹಲ್ಲ ನೋಡಿ ವಯಸ್ಸ ಹೇಳ್ತೀನಿ!"

ಮುಂದಿನ ವಾರ ದೊಡ್ಡ ಅನಾಹುತವೇ ಆಯಿತು. ಕಾದಂಬರಿಯಲ್ಲಿ ಆ ಹುಡುಗ ದಿನಾ ಬಸ್ಸಿನ ಕಿಟಕಿಯೊಳಗೆ ಕರವಸ್ತ್ರ ಎಸೆದು ಹುಡುಗಿಗೆ ಸೀಟು ಹಿಡಿಯುತ್ತಾನೆ. ಒಂದು ಮಾತಿಲ್ಲ, ಚೀಟಿಯಿಲ್ಲ. ಅವಳು ಬಂದು ಕರವಸ್ತ್ರ ಮಡಚಿ ಅವನ ಕೈಗೆ ಕೊಟ್ಟು ಕೂರುತ್ತಾಳೆ, ಅಷ್ಟೇ ಪ್ರೀತಿ. ಟಿವಿಯ ಹುಡುಗನಿಗೋ ಕಾರು!

"ಕಾರಿನ್ಯಾಗ ಸೀಟ್ ಹಿಡಿಯೂದೇನ ಬಂತು? ಪ್ರೀತಿ ಹ್ಯಾಂಗ ಹುಟ್ಟಬೇಕು?" ಎಂದು ಮಾವ ಆ ರಾತ್ರಿ ಊಟದಲ್ಲಿ ಒಂದು ರೊಟ್ಟಿ ಕಡಿಮೆ ತಿಂದ.

ಈ ವಿಷಯದಲ್ಲಿ ನನ್ನದು ಮಾವನ ಪಕ್ಷ. ರೋಣದ ಕಾಲೇಜಿಗೆ ಹೋಗುವ ಬಸ್ಸಿನಲ್ಲಿ ನನಗಾಗಿಯೂ ಒಂದು ಕರವಸ್ತ್ರ ಬಿದ್ದಿರಬಹುದೇ ಎಂದು ನಾನು ಸೀಟು ಸೀಟು ನೋಡುತ್ತಿದ್ದೆ. ಯಾವಾಗ ನೋಡಿದರೂ ಯಾರದೋ ಜೋಳದ ಚೀಲ!

ದಿನವೂ ಧಾರಾವಾಹಿ ಮುಗಿದ ಮೇಲೆ ಮಾವ ಅತ್ತೆಗೆ ತಪ್ಪದೆ ಹೇಳುತ್ತಿದ್ದ: "ಇವ್ರು ಖರೇ ಕಥಿ ತೋರಸೂದಿಲ್ಲ, ನೆನಪಿಟ್ಕೊ."

ಅತ್ತೆ ನಗುತ್ತಿದ್ದಳು. "ಏನರ ತೋರಸ್ಲಿ. ಕಡೀಗೆ ಆ ಹುಡುಗ ಓಡಿ ಬಂದು ಬಸ್ ಹತ್ತತಾನಲ್ಲ, ಅಷ್ಟ ಸಾಕ್ರಿ."

ಒಂದು ಮಧ್ಯಾಹ್ನ ಕುತೂಹಲಕ್ಕೆ ಪುಸ್ತಕ ತೆಗೆದು ನಾನೇ ಕೊನೆಯವರೆಗೂ ಓದಿದೆ. ಹುಡುಗ ಬಸ್ ಹತ್ತುವುದೇ ಇಲ್ಲ! ಹುಡುಗಿಯ ಅಪ್ಪನಿಗೆ ವರ್ಗವಾಗುತ್ತದೆ, ಬಸ್ ಹೋಗಿಬಿಡುತ್ತದೆ, ಹುಡುಗ ಕರವಸ್ತ್ರ ಹಿಡಿದು ನಿಂತೇ ಇರುತ್ತಾನೆ.

"ಸುಳ್ಳ ಹೇಳೀಯಲ್ಲೋ ಮಾಮಾ!" ಎಂದೆ.

ಮಾವ ಅಡುಗೆಮನೆಯ ಕಡೆ ನೋಡಿ, ನನ್ನ ಕೈಮೇಲೆ ಟವೆಲ್ ಹೊದಿಸಿ ಬೆರಳು ಒತ್ತಿ ಹಿಡಿದ. "ಈ ವ್ಯಾಪಾರ ನಮ್ಮಿಬ್ಬರೊಳಗ ಇರ್ಲಿ, ತಂಗಿ. ಆಕಿ ಆಗ ಹೊಸದಾಗಿ ಬಂದಿದ್ಳು. ತವರಮನಿ ನೆನಸಿ ದಿನಾ ಅಳತಿದ್ಳು. ಅಂಥಾಕಿ ಮುಂದ ಇದನ್ನ ಹ್ಯಾಂಗ ಓದ್ಲಿ ಹೇಳು?"

ಟಿವಿಯ ಮೇಲೆ ಮಾವನಿಗೇಕೆ ಅಷ್ಟು ಸಿಟ್ಟು ಎಂಬುದು ನನಗೆ ಆಗ ಅರ್ಥವಾಯಿತು. ಮುಂದೆ ಬರಲಿರುವ ಒಂದು ಸಂಜೆಗಾಗಿ ಅವನು ಮೊದಲಿನಿಂದಲೇ ಟಿವಿಯನ್ನು ಸುಳ್ಳುಗಾರನನ್ನಾಗಿ ಮಾಡುತ್ತಾ ಬಂದಿದ್ದ.

ಕೊನೆಯ ಕಂತಿನ ಆ ಸಂಜೆ ಬಂದೇ ಬಂತು. ವಾರಕ್ಕೆರಡು ಸಲವಾದರೂ ಅದೇ ಹೊತ್ತಿಗೆ ಹೋಗುವ ಕರೆಂಟು ಅವತ್ತು ಹೋಗಲೇ ಇಲ್ಲ! ಮಾವ ಮಾಳಿಗೆ ಹತ್ತಿ ಆಂಟೆನಾ ಅಡ್ಡಾದಿಡ್ಡಿ ತಿರುಗಿಸತೊಡಗಿದ. "ಬಿದ್ದೀರಿ, ಕೆಳಗ ಬರ್ರಿ" ಎಂದು ಅತ್ತೆ ಕೂಗಿದಳು. ಬಂದು ಕೂತ. ಇಷ್ಟು ದಿನ ಕಾದಂಬರಿಯ ಕಡೆ ತಿರುಗಿಯೂ ನೋಡದ ಟಿವಿ ಅವತ್ತೊಂದು ದಿನ ಅಕ್ಷರ ಬಿಡದೆ ಕಾದಂಬರಿಯಂತೆ ನಡೆಯಿತು. ಬಸ್ಸೂ ಬಂತು, ಕರವಸ್ತ್ರವೂ ಬಂತು. ಬಸ್ ಹೋಯಿತು. ಹುಡುಗ ನಿಂತೇ ಇದ್ದ.

"ಸುಳ್ಳ! ಕಥಿ ಕೆಡಿಸಿಬಿಟ್ರು ನೋಡು!" ಮಾವ ಕೂಗಿದ.

ಅತ್ತೆ ಸೆರಗಿನಲ್ಲಿ ಕಣ್ಣೊರೆಸಿಕೊಂಡಳು. "ಇಲ್ರಿ, ಖರೇನ ತೋರಿಸ್ಯಾರ. ಓಣ್ಯಾಗಿನ ಹೆಂಗಸರ ಕೂಡ ಸಂಜಿ ಸಾಲಿಗೆ ಹೋಗಿ ಓದಾಕ ಕಲತ್ನಲ್ಲ? ಕಲತ ಮ್ಯಾಲೆ ಮೊದಲ ಓದಿದ್ದ ಈ ಪುಸ್ತಕಾನ."

ಮಾವನ ಮೀಸೆ ಇಳಿದುಹೋಯಿತು. "ಮತ್ತ... ಇಷ್ಟ ವರ್ಷ ಯಾಕ ಸುಮ್ಮನಿದ್ದಿ?"

"ಹೇಳಿದ್ರ ನೀವು ಓದೂದ ಬಿಟ್ಟಬಿಡತಿದ್ರಿ" ಎಂದಳು ಅತ್ತೆ. "ಟಿವಿ ಆರಿಸ್ರಿ. ಆ ಕಡೀ ಪಾನ ಇನ್ನೊಮ್ಮೆ ಓದ್ರಿ, ನಿಮ್ಮಂಗ."

ಮಾವ ಕೊನೆಯ ಪುಟ ತೆರೆದು ಓದಿದ. ಹುಡುಗ ಓಡಿದ, ಏದುಸಿರು ಬಿಡುತ್ತಾ ಬಸ್ ಹತ್ತಿದ. ಅತ್ತೆ ಮೆಲ್ಲಗೆ ಮಾವನ ತೊಡೆಯ ಮೇಲಿದ್ದ ಟವೆಲ್ಲಿನ ಕೆಳಗೆ ಕೈ ತೂರಿಸಿದಳು. ಒಳಗೆ ಏನು ಮಾತಾಯಿತೋ ನನಗೆ ಕಾಣಲಿಲ್ಲ. ಪುಟ ಮುಗಿದ ಮೇಲೂ ಮಾವ ಆ ಕೈ ಬಿಡಲಿಲ್ಲ.